ಬೆನ್ನು ಮುಟ್ಟಿ ಆರಿಸಿದ್ದು

ಚಳಿ ಹಿಂದೆಗೆಯುವ ದಿನಗಳು. ಹೊರಗೆ ಬೆಳಗಿನ ಮಂಜು ಇನ್ನೂ ರಸ್ತೆಯ ದೀಪಗಳಿಗೆ ಜೋತುಬಿದ್ದಿತ್ತು. ಬೇಲಿಯಾಚೆ ಯಾರೋ ಒಣಗಿದ ಎಲೆ ಗುಡಿಸಿ ರಾಶಿ ಹಾಕುತ್ತಿದ್ದರು. ಇಲಿಗಳ ಕೋಣೆಗೆ ಚಳಿಯೂ ಗೊತ್ತಿಲ್ಲ, ಬೇಸಿಗೆಯೂ ಗೊತ್ತಿಲ್ಲ. ವರ್ಷವಿಡೀ ಅಲ್ಲಿ ಒಂದೇ ಬಿಸುಪು, ಒಂದೇ ವಾಸನೆ: ಮರದ ಹೊಟ್ಟು, ಉಚ್ಚೆ, ಸೋಪಿನ ನೀರು. ಅವನು ಗವಸಿನ ಮೇಲೆ ಇನ್ನೊಂದು ಗವಸು ಎಳೆದುಕೊಂಡು, ಸಾಲುಸಾಲು ಪಂಜರಗಳ ಚೌಕಟ್ಟಿನಿಂದ ಒಂದನ್ನು ಹೊರಗೆಳೆದು, ಮುಚ್ಚಳ ತೆಗೆದು, ಮೂಲೆಯಲ್ಲಿ ಮುದುಡಿದ್ದ ಇಲಿಯನ್ನು ಎತ್ತಿ ಮೇಜಿನ ಮೇಲೆ ಎಡಮಗ್ಗುಲಿಗೆ ಮಲಗಿಸಿದ. ಮಲಗಿಸಿ ಎಣಿಸತೊಡಗಿದ. ಅರ್ಧ ನಿಮಿಷದೊಳಗೆ ಅದು ತಾನಾಗಿ ಹೊರಳಿ ಕಾಲ ಮೇಲೆ ನಿಲ್ಲಬೇಕು. ನಿಂತರೆ ನಾಳೆಯ ತನಕ ಬದುಕು. ನಿಲ್ಲದಿದ್ದರೆ ಇವತ್ತಿಗೆ ಮುಗಿಯಿತೆಂದು ಬರೆದು, ಪಕ್ಕದ ಡಬ್ಬಿಯ ಗಾಳಿಯಲ್ಲಿ ಕೊನೆಯ ನಿದ್ದೆಗೆ ಕಳಿಸುವುದು. ಈ ಇಲಿಯ ಹಿಂಗಾಲುಗಳು ಹೋಗಿದ್ದವು, ಮುಂಗಾಲಿನಲ್ಲಿ ಇನ್ನೂ ಸ್ವಲ್ಪ ಹಟ ಉಳಿದಿತ್ತು. ಅದು ಗೀರಿತು, ಕತ್ತು ಎತ್ತಿತು, ಬಿತ್ತು, ಮತ್ತೆ ಗೀರಿತು. ಕೊನೆಗೆ ಹೇಗೋ ಹೊರಳಿಕೊಂಡಿತು. ಅವನು ಬರೆದುಕೊಂಡ. ಬರೆಯುವಾಗ, ಇದನ್ನು ಯಾಕೆ ಬರೆಯುತ್ತಿದ್ದೇನೆ ಎಂದು ಕೈ ಒಂದು ಕ್ಷಣ ನಿಂತಿತು. ನಿನ್ನೆ ಸಂಜೆಯಿಂದ ಈ ಕೆಲಸಕ್ಕೆ ಅರ್ಥವಿರಲಿಲ್ಲ. ಆದರೂ ನಿಲ್ಲಿಸಿ ಎಂದು ಯಾರೂ ಹೇಳಿರಲಿಲ್ಲ; ಹೆಣ ಎತ್ತುವ ತನಕ ಮನೆಯಲ್ಲಿ ಒಲೆ ಹಚ್ಚುವುದೋ ಬೇಡವೋ ಎಂದು ತೋಚದೆ ಕೂತ ಹಾಗೆ, ಅವನು ಮುಂದಿನ ಪಂಜರ ಎಳೆದ.

ನಿನ್ನೆ ಸಂಜೆ ಹೇಳಿದವಳು ಜೀನುಗಳನ್ನು ಎಣಿಸುವ ಕೆಲಸದ ಹುಡುಗಿ. ಅವಳನ್ನು ಎಲ್ಲರೂ ಎಣಿಕೆ ಎಂದೇ ಕರೆಯುತ್ತಿದ್ದರು, ಅವಳೂ ಓಗೊಡುತ್ತಿದ್ದಳು. ಓಣಿಯಂಥ ನಡುದಾರಿಯಲ್ಲಿ, ತಣ್ಣನೆ ಪೆಟ್ಟಿಗೆಗಳು ಗುಂಯ್‌ಗುಡುವ ಜಾಗದಲ್ಲಿ ಅವನನ್ನು ನಿಲ್ಲಿಸಿ, ತನ್ನದೇ ತಪ್ಪೇನೋ ಎಂಬಂತೆ ಕಾಲು ನೋಡಿಕೊಂಡು ಹೇಳಿದ್ದಳು.

"ಸರ್, ಔಷಧಿ ಕೊಟ್ಟ ಗುಂಪು ಇದೆಯಲ್ಲ, ಅದರಲ್ಲಿ ಅರ್ಧಕ್ಕರ್ಧ ಇಲಿಗಳಿಗೆ ರೋಗವೇ ಸರಿಯಾಗಿ ಇಲ್ಲ."

"ಇಲ್ಲ ಅಂದ್ರೆ?"

"ರೋಗದ ಜೀನಿನ ಪ್ರತಿಗಳು ಉದುರಿ ಹೋಗಿವೆ. ಇರಬೇಕಾದ್ದರಲ್ಲಿ ಅರ್ಧವೂ ಇಲ್ಲ. ನಾನು ತಪ್ಪು ಮಾಡಿದ್ನೇನೋ ಅಂತ ಮತ್ತೆ ಮತ್ತೆ ಮಾಡಿ ನೋಡ್ದೆ ಸರ್. ಅವೆಲ್ಲ ಒಂದೇ ಗಂಡಿನ ಮರಿಗಳು." ಆಮೇಲೆ, "ತಳಿಗೆ ಆ ಗಂಡನ್ನ ಯಾರು ಬಿಟ್ಟಿದ್ದು ಸರ್?"

"ನೋಡ್ತೀನಿ," ಎಂದಿದ್ದ ಅವನು. ನೋಡುವುದೇನಿತ್ತು? ಯಾರು ಬಿಟ್ಟಿದ್ದೆಂದು ಅವನ ಬಲಗೈ ಹೆಬ್ಬೆರಳಿಗೆ ಗೊತ್ತಿತ್ತು. ಮನುಷ್ಯರಲ್ಲಿ ನರಗಳನ್ನು ಒಂದೊಂದಾಗಿ ಕೊಂದು, ಮೊದಲು ಕೈ, ಆಮೇಲೆ ಕಾಲು, ನಾಲಗೆ, ಉಸಿರು, ಹೀಗೆ ಕದ ಹಾಕಿಕೊಂಡು ಹೋಗುವ ರೋಗದ ಜೀನನ್ನು ಈ ಇಲಿಗಳೊಳಗೆ ಕಂತೆಕಂತೆಯಾಗಿ ತುಂಬಿಟ್ಟಿರುತ್ತಾರೆ. ಕಂತೆ ದೊಡ್ಡದಿದ್ದಷ್ಟೂ ಇಲಿ ಬೇಗ ಬೀಳುತ್ತದೆ. ತಲೆಮಾರು ದಾಟುವಾಗ ಎಲ್ಲೋ ಒಂದು ಮರಿಯಲ್ಲಿ ಕಂತೆಯ ಅರ್ಧ ಸದ್ದಿಲ್ಲದೆ ಕಳಚಿಬೀಳುವುದುಂಟು. ಅಂಥ ಇಲಿ ತಡವಾಗಿ ಬೀಳುತ್ತದೆ, ಅದರ ಮಕ್ಕಳೂ ತಡವಾಗಿ ಬೀಳುತ್ತವೆ. ಔಷಧಿ ಕುಡಿದ ಇಲಿಗಳು ಉಳಿದವಕ್ಕಿಂತ ಒಂದು ತಿಂಗಳು ಹೆಚ್ಚು ನಡೆದಾಡಿದವೆಂದು ಇಡೀ ಸಂಸ್ಥೆ ಕುಣಿದಿತ್ತು. ಆ ಒಂದು ತಿಂಗಳು ಔಷಧಿಯದಾಗಿರಲಿಲ್ಲ. ಅಪ್ಪನ ಕಡೆಯಿಂದ ಬಂದದ್ದಾಗಿತ್ತು.

ಆ ದಿನ ಅವನಿಗೆ ಚೆನ್ನಾಗಿ ನೆನಪಿದೆ. ತಳಿಯ ಗಂಡುಗಳೆಲ್ಲ ಮುದಿಯಾಗಿದ್ದವು, ಹೊಸವನ್ನು ಬೇರೆ ಕಡೆಯಿಂದ ತರಿಸಲು ಮಳೆಗಾಲ ಕಳೆಯಬೇಕೆಂದಿದ್ದರು. ಇದೇ ರೋಗ ಹಿಡಿದಿದ್ದ ಅವನ ಅಕ್ಕ ಅಷ್ಟರಲ್ಲಿ ನೀರು ಕುಡಿದರೂ ನೆತ್ತಿಗೇರಿಸಿಕೊಳ್ಳತೊಡಗಿದ್ದಳು. ಕಾಯುವುದಕ್ಕೆ ಯಾರ ಹತ್ತಿರ ವೇಳೆಯಿತ್ತು? ಇರುವ ಮರಿಗಂಡುಗಳಲ್ಲೇ ಒಂದನ್ನು ಆರಿಸಿಬಿಡೋಣವೆಂದು ಪಂಜರದಿಂದ ಪಂಜರಕ್ಕೆ ಕೈ ಹಾಕುತ್ತ ಹೋದ. ಒಂದರ ಬೆನ್ನು ಹೆಬ್ಬೆರಳಿನ ಅಡಿಯಲ್ಲಿ ಗಟ್ಟಿಯಾಗಿ, ತುಂಬಿಕೊಂಡು, ಕೈಯನ್ನು ತಿರುಗಿ ಒತ್ತುವಂತಿತ್ತು. ಕಣ್ ನೋಡ್ಬೇಡ್ವೋ ಸಣ್ಣೋನೇ, ಕಣ್ಣು ಎಲ್ಲಕ್ಕೂ ಚೆಂದವೇ ಇರ್ತವೆ, ಬೆನ್ನು ಮುಟ್ಟಿ ನೋಡು, ಸೊಂಟದ ಹತ್ರ, ಹಾಂ, ಅಲ್ಲಿ ಹೆಬ್ಬೆರಳು ಒತ್ತು. ಚಿಕ್ಕಂದಿನಲ್ಲಿ, ಮನೆಯ ಕುರಿದೊಡ್ಡಿಯಲ್ಲಿ ಟಗರಿನ ಕೊಂಬು ಹಿಡಿದು ನಿಂತ ಅವನ ಕೈಯನ್ನು ಅಕ್ಕ ತನ್ನ ಕೈಯೊಳಗೆ ತೆಗೆದುಕೊಂಡು ಆ ಉಣ್ಣೆಯೊಳಕ್ಕೆ ತುರುಕಿದ್ದಳು. ಉಣ್ಣೆಯ ಜಿಡ್ಡು, ಅದರಡಿ ಬಿಸಿ, ಬಿಸಿಯಡಿ ಮಾಂಸ. ಗಟ್ಟಿ ಇರೋದನ್ನ ಇಟ್ಕೋ, ಬಡಕಲನ್ನ ಸಂತೆಗೆ ಹೊಡಿ. ಕುರಿ ಸಾಕುವ ಮನೆಯಲ್ಲಿ ಇದಕ್ಕಿಂತ ದೊಡ್ಡ ವಿದ್ಯೆ ಇಲ್ಲ. ಅವನು ಆ ಗಂಡನ್ನು ಆರಿಸಿದ. ಆರಿಸುವಾಗ ಖುಷಿಯೂ ಆಗಿತ್ತು, ಕೈಗೆ ಹಳೆಯ ಕಸುಬು ಮರೆತಿಲ್ಲವೆಂದು. ತಾನು ಇಲ್ಲಿ ಸಾಕುತ್ತಿರುವುದು ಇಲಿಯನ್ನಲ್ಲ, ರೋಗವನ್ನು. ರೋಗ ಸಾಕುವ ಮನೆಯಲ್ಲಿ ಬಡಕಲನ್ನೇ ಇಟ್ಟುಕೊಂಡು ಗಟ್ಟಿಯನ್ನು ಹೊರಗೆ ಹಾಕಬೇಕೆಂಬುದು ಆ ಹೊತ್ತಿನಲ್ಲಿ ತಲೆಗೆ ಹೊಳೆಯಲೇ ಇಲ್ಲ. ಆ ಗಂಡಿನ ಮರಿಗಳು ಹುಟ್ಟಿದ ಕಾಲಕ್ಕೆ ಸರಿಯಾಗಿ ಔಷಧಿ ಬಂತು. ಚೀಟಿ ಎತ್ತಿ ಗುಂಪು ಮಾಡಬೇಕಿತ್ತು. ಆತುರದಲ್ಲಿ, ಕೈಗೆ ಸಿಕ್ಕ ಹೊಸ ಮರಿಗಳೆಲ್ಲ ಔಷಧಿಯ ಕಡೆಗೆ ಹೋದವು.

ಹನ್ನೊಂದರ ಹೊತ್ತಿಗೆ ಹಿರಿಯರು ಕರೆಸಿದರು. ಹಿರಿಯರೆಂದರೆ ಈ ವಿಭಾಗದ ಮುಖ್ಯಸ್ಥರು. ಬೋಳುತಲೆ, ಹೆಗಲ ಮೇಲೆ ಸದಾ ಒಂದು ಉಣ್ಣೆಯ ಶಾಲು, ಈ ಒಂದೇ ರೋಗದ ಹಿಂದೆ ಮೂವತ್ತು ವರ್ಷ ಸವೆಸಿದವರು. ಎಣಿಕೆಯ ಹುಡುಗಿ ಅವರಿಗೂ ಹೇಳಿದ್ದಳು; ಹೇಳಲೇಬೇಕಿತ್ತು. ಅವರು ಬೈದಿದ್ದರೆ ಅವನಿಗೆ ಹಗುರಾಗುತ್ತಿತ್ತು. ಅವರು ಕುರ್ಚಿ ತೋರಿಸಿ, ಬಿಸ್ಕತ್ತಿನ ಡಬ್ಬಿ ಮುಂದೆ ತಳ್ಳಿದರು.

"ಈ ರೋಗ ಇಲಿಗಳಿಗೆ ಎಷ್ಟು ಸಲ ವಾಸಿಯಾಗಿದೆ ಗೊತ್ತೇನ್ರೀ? ನಾನು ಬಂದಾಗಿಂದ ಲೆಕ್ಕ ಹಾಕ್ತಾ ಇದೀನಿ, ಲೆಕ್ಕ ತಪ್ಪಿ ಹೋಗಿದೆ. ಇಲಿಯಾಗಿ ಹುಟ್ಟಿದ್ರೆ ಭಯವೇ ಇಲ್ಲ. ಮನುಷ್ಯರಾಗಿ ಹುಟ್ಟಿದ್ದೇ ನಮ್ಮ ತಪ್ಪು."

"ಆ ಗಂಡನ್ನ ಬಿಟ್ಟಿದ್ದು ನಾನೇ ಸರ್."

"ಅಂದಾಜು ಮಾಡಿದ್ದೆ. ಯಾಕೆ ಅದನ್ನೇ?"

"ಗಟ್ಟಿಯಾಗಿತ್ತು."

ಹಿರಿಯರು ಒಂದು ಕ್ಷಣ ಅವನ ಮುಖ ನೋಡಿದರು. ಆಮೇಲೆ ಅವರ ಶಾಲು ಅಲುಗತೊಡಗಿತು; ನಗು ತಡೆಯಲು ನೋಡಿದರು, ಆಗಲಿಲ್ಲ. ಬಾಯಲ್ಲಿದ್ದ ಬಿಸ್ಕತ್ತಿನ ಪುಡಿ ಮೇಜಿನ ಮೇಲೆ ಉದುರಿತು. "ಕ್ಷಮಿಸ್ರೀ, ಕ್ಷಮಿಸಿ. ಗಟ್ಟಿಯಾಗಿತ್ತಂತೆ! ಮೂವತ್ತು ವರ್ಷದಲ್ಲಿ ಎಲ್ಲಾ ತರದ ತಪ್ಪೂ ನೋಡಿದೀನಿ, ಇದೊಂದು ನೋಡಿರ್ಲಿಲ್ಲ." ಅವನೂ ನಗಬೇಕಾಯಿತು. ತುಟಿ ಎಳೆದು ನಕ್ಕ. ನಕ್ಕದ್ದಕ್ಕೆ ಕಿವಿ ಬಿಸಿಯಾಯಿತು. ಹಿರಿಯರು ಕಣ್ಣೊರೆಸಿಕೊಂಡು, ದನಿ ಇಳಿಸಿ, ಬೇಸಿಗೆಗೆ ಮನುಷ್ಯರ ಮೇಲೆ ಶುರುವಾಗಬೇಕಿದ್ದ ಪರೀಕ್ಷೆಯನ್ನು ಕೈಬಿಡಲು ಇವತ್ತೇ ಹೇಳಿಬಿಡುವುದಾಗಿ ಅಂದರು. ಮುಚ್ಚಿಡುವ ಮಾತೇ ಇಲ್ಲ, ನಿಮ್ಮ ಹೆಸರು ಎಲ್ಲೂ ಬರುವುದಿಲ್ಲ, ತಳಿಯ ದೋಷ ಅಂತ ಬರೆದರಾಯಿತು. ಅವನು ತಲೆಯಾಡಿಸಿದ. ಏಳುವಾಗ ಅವರು ಕೇಳಿದರು, "ಮನೇಲಿ ಹೇಳಿದ್ರಾ? ನಿಮ್ಮ ಅಕ್ಕನೋರಿಗೆ?"

"ಇನ್ನೂ ಇಲ್ಲ."

"ಅವರು ನಮ್ಮ ಔಷಧಿಗೆ ಅಂತ ತಾನೇ ಉಸಿರಿನ ಯಂತ್ರಕ್ಕೆ ಒಪ್ಪಿದ್ದು?"

ಅವನು ಬಾಗಿಲ ಹಿಡಿಕೆ ಹಿಡಿದು ನಿಂತ. ಅಕ್ಕ ಮಲಗಿದ್ದ ಆಸ್ಪತ್ರೆಯ ಕೋಣೆಯಲ್ಲೂ ಹೀಗೇ ಒಂದು ಬಾಗಿಲಿತ್ತು, ಹಸಿರು ಬಣ್ಣದ್ದು, ಕೆಳಗೆ ಸ್ಟ್ರೆಚರು ತಾಗಿ ತಾಗಿ ಬಣ್ಣ ಕಿತ್ತುಹೋದದ್ದು. ಭಾವ ಹೊರಗೆ ಔಷಧಿ ಅಂಗಡಿಗೆ ಹೋಗಿದ್ದರು. ಅಕ್ಕನ ದನಿ ಆಗ ಪಿಸುಮಾತಿನಷ್ಟು ಉಳಿದಿತ್ತು, ಅದೂ ಒಂದೊಂದು ಪದಕ್ಕೆ ಒಂದೊಂದು ಉಸಿರು. ಗಂಟಲಿಗೆ ತೂತು ಬೇಡ, ಯಂತ್ರ ಬೇಡ, ಮನೆಗೆ ಕರೆದುಕೊಂಡು ಹೋಗಿಬಿಡಿ ಎಂದು ಅವಳು ವೈದ್ಯರಿಗೆ ಆಗಲೇ ಹೇಳಿಯಾಗಿತ್ತು. ನಿಲ್ಲದ ಮರೀನ ಹಿಡಿದು ನಿಲ್ಲಿಸಬಾರದು ಕಣೋ, ಪಾಪ ಬರುತ್ತೆ. ಮರಿ ಹಾಕುವ ಕಾಲದಲ್ಲಿ ದೊಡ್ಡಿಯಲ್ಲಿ ಅವಳೇ ಅದನ್ನು ತೀರ್ಮಾನಿಸುತ್ತಿದ್ದವಳು. ಹುಟ್ಟಿದ ಮರಿಯನ್ನು ಹೊಟ್ಟೆಯಡಿ ಕೈಯಿಟ್ಟು ಎತ್ತಿ, ಕಾಲೂರಿಸಿ, ಕೈ ಬಿಟ್ಟು ನೋಡುವಳು. ಮತ್ತೊಮ್ಮೆ. ಮತ್ತೂ ಒಮ್ಮೆ. ಆಮೇಲೆ ಏನೂ ಮಾತಾಡದೆ ಅದನ್ನು ತಾಯಿಯ ಮೂತಿಯ ಹತ್ತಿರ ಮಲಗಿಸಿ, ನೆಕ್ಕಿಕೊಳ್ಳಲು ಬಿಟ್ಟು, ಎದ್ದು ಹೋಗಿಬಿಡುವಳು. ಅಂಥವಳನ್ನು ಅವನು ಹಿಡಿದು ನಿಲ್ಲಿಸಿದ್ದ. ಔಷಧಿ ಸಿಕ್ಕಿದೆ ಅಕ್ಕ, ಇಲಿಗಳು ನಡೀತಿವೆ, ನಾನೇ ಕಣ್ಣಾರೆ ನೋಡ್ತಿದೀನಿ, ಬೇಸಿಗೆ ತನಕ ಉಸಿರು ಹಿಡ್ಕೋ, ನಿನ್ನ ಹೆಸರು ಮೊದಲು ಬರೆಸ್ತೀನಿ. ಅಕ್ಕನ ರೋಗಕ್ಕೆ ಇಲಿಗಳ ಆ ಜೀನು ಕಾರಣವೇ ಅಲ್ಲವೆಂದು, ಅವಳ ರಕ್ತದಲ್ಲಿ ಯಾವ ಕಾರಣವೂ ಸಿಕ್ಕಿಲ್ಲವೆಂದು ಅವನಿಗೆ ಆಗಲೂ ಗೊತ್ತಿತ್ತು. ಹೇಳಲಿಲ್ಲ. ಅಕ್ಕ ಒಂದು ಷರತ್ತು ಹಾಕಿದಳು. ಔಷಧಿ ಬರ್ಲಿಲ್ಲ ಅಂದ್ರೆ ಯಂತ್ರಾನ ನೀನೇ ನಿಲ್ಲಿಸ್ಬೇಕು. ನಿಮ್ಮ ಭಾವನ ಕೈಲಿ ಮಾಡಿಸ್ಬೇಡ, ಅವರು ಆಮೇಲೆ ಬದುಕಲ್ಲ. ನೀನು ಓಡಾಡಿ, ವೈದ್ಯರ ಹತ್ರ ಮಾತಾಡಿ, ನೀನೇ. ಮಾತು ಕೊಡು. ಅವನು ಕೊಟ್ಟ. ಸಾಲ ತೀರಿಸುವ ದಿನ ಬರುವುದೇ ಇಲ್ಲವೆಂದು ತಿಳಿದವನು ಎಷ್ಟು ಸಲೀಸಾಗಿ ಒಪ್ಪಿಕೊಳ್ಳುತ್ತಾನೋ ಅಷ್ಟು ಸಲೀಸಾಗಿ ಕೊಟ್ಟ.

ಅಂದರೆ ಇವತ್ತು ಹೇಳುವುದೆಂದರೆ ಬರೀ ಹೇಳುವುದಲ್ಲ. ಹೇಳಿದ ಗಳಿಗೆಯಿಂದ ಅವನು ಆ ಮಾತಿಗೆ ಸಿಕ್ಕಿಬೀಳುತ್ತಾನೆ.

ಹಿರಿಯರು ಮಧ್ಯಾಹ್ನ ರಜೆ ಕೊಟ್ಟರು. ಗೇಟಿನ ಕಾವಲುಗಾರ ಎಂದಿನಂತೆ ಎದ್ದು ನಿಂತು, ಎಂದಿನಂತೆ ಕೇಳಿದ, "ಔಷಧಿ ಆಯ್ತಾ ಸರ್?" ಪತ್ರಿಕೆಯಲ್ಲಿ ಸುದ್ದಿ ಬಂದ ದಿನದಿಂದ ಆ ಮನುಷ್ಯ ಇದನ್ನು ನಮಸ್ಕಾರದ ಬದಲು ಬಳಸುತ್ತಿದ್ದ, ಒಲೆಯ ಮೇಲೆ ಏನೋ ಕುದಿಯುತ್ತಿದೆ, ಇಳಿಸಿದರಾಯಿತು ಎಂಬ ಹಾಗೆ. "ಆಗ್ತಾ ಇದೆ," ಎಂದ ಅವನು, ಎಂದಿನಂತೆ. ಬಸ್ಸಿನಲ್ಲಿ ಕಿಟಕಿಯ ಪಕ್ಕ ಜಾಗ ಸಿಕ್ಕಿತು. ಎದುರಿನ ಸೀಟಿನಲ್ಲಿ ಒಬ್ಬಳು ಹೆಂಗಸು ನಿದ್ದೆ ಹೋದ ಮಗುವಿನ ಕೈಬೆರಳುಗಳನ್ನು ಸುಮ್ಮನೆ ಒಂದೊಂದಾಗಿ ಮಡಿಸುತ್ತ ಬಿಡಿಸುತ್ತ ಕೂತಿದ್ದಳು. ಅವನ ಹೆಬ್ಬೆರಳ ಬುಡದಲ್ಲಿ ಏನೋ ಮಿಡುಕಿತು. ಚರ್ಮದಡಿ ಹುಳ ಹರಿದಂತೆ. ಅವನು ಕೈಯನ್ನು ತೊಡೆಯ ಮೇಲಿಟ್ಟು ನೋಡಿದ. ಅಕ್ಕನಿಗೆ ಶುರುವಾದದ್ದೂ ಹೀಗೇ, ಬಟ್ಟೆ ಹಿಂಡುವಾಗ. ಅವನಿಗೆ ಇದು ವರ್ಷಕ್ಕೆ ಹತ್ತು ಸಲ ಬಂದು ಹೋಗುವ ಭಯ. ನಿದ್ದೆಗೆಟ್ಟರೂ ಕಾಫಿ ಹೆಚ್ಚಾದರೂ ಮಿಡುಕುತ್ತದೆ ಎಂಬುದನ್ನು ಹೊಸಬರಿಗೆ ಅವನೇ ಪಾಠ ಮಾಡುತ್ತಿದ್ದ. ಮಿಡಿತ ನಿಂತಿತು. ನಿಂತಾಗ ಆದ ಸಮಾಧಾನ ಎಷ್ಟು ಹೊಲಸಾಗಿತ್ತೆಂದರೆ, ಅವನು ಮುಖ ತಿರುಗಿಸಿ ಹೊರಗೆ ನೋಡಿದ. ಗೋಡೆ, ಅಂಗಡಿ, ಗೋಡೆ. ಒಂದು ಸ್ಟಾಪು ಮುಂದೆ ಹೋಗಿ ಇಳಿದ. ಬೇಕೆಂದೇ ಇಳಿದನೋ ಮರೆತನೋ ಅವನಿಗೇ ತಿಳಿಯಲಿಲ್ಲ. ಹಿಂದಕ್ಕೆ ನಡೆಯುವಾಗ ಆ ದೂರ ಸಾಲಲಿಲ್ಲ ಎನಿಸಿತು.

ಬಾಗಿಲು ತೆಗೆದವರು ಭಾವ. ಬಡಗಿ ಕೆಲಸ ಮಾಡಿ ಮಾಡಿ ಒಂದು ಹೆಗಲು ಇಳಿಬಿದ್ದ ಗಟ್ಟಿ ಮನುಷ್ಯ. ಹುಬ್ಬಿನ ಮೇಲೆಲ್ಲ ಮರದ ಪುಡಿ. ಕಿಟಕಿ ಬಾಗಿಲುಗಳ ಕೆಲಸವನ್ನು ಹೊರಗೆ ಒಪ್ಪಿಕೊಳ್ಳುವುದನ್ನು ಬಿಟ್ಟು ವರ್ಷವಾಗಿತ್ತು, ಹಿತ್ತಲ ಛಾವಣಿಯಡಿಯಲ್ಲೇ ಏನಾದರೂ ಮಾಡಿಕೊಂಡು ಅಕ್ಕನ ಕರೆಗಂಟೆಗೆ ಓಡಿಬರುತ್ತಿದ್ದರು.

"ಏನು ಡಾಕ್ಟ್ರೇ, ಹೊತ್ತಲ್ಲದ ಹೊತ್ತಲ್ಲಿ? ಇಲಿಗಳೆಲ್ಲ ರಜಾ ಹಾಕಿದ್ವಾ?"

"ಹೂಂ ಭಾವ."

"ಊರೋರೆಲ್ಲ ಬೆಟ್ಟ ಅಗೆದು ಇಲಿ ಹಿಡಿದ್ರೆ, ನೀವು ಇಲಿ ಅಗೆದು ಬೆಟ್ಟ ಹುಡುಕೋರು. ಸುಸ್ತಾಗುತ್ತೆ ಬಿಡು." ತಾವೇ ನಕ್ಕು, ಅವನ ಚೀಲ ತೆಗೆದುಕೊಂಡು ಮೊಳೆಗೆ ಹಾಕಿದರು. "ಒಳ್ಳೇದಾಯ್ತು ಬಂದಿದ್ದು. ಅವಳ ಹತ್ರ ಕೂತ್ಕೋ. ನಂದೊಂದು ಅರ್ಧ ಆದ ಕೆಲಸ ಇದೆ ಹಿಂದುಗಡೆ. ಬೆಳಿಗ್ಗೆ ಕಫ ತೆಗೆದಾಯ್ತು, ಮಗ್ಗುಲು ಬದಲಾಯಿಸಬೇಕು. ಮಾಡ್ತೀಯಲ್ಲ?"

ಅಕ್ಕನ ಮಂಚ ಕಿಟಕಿಗೆ ಒತ್ತಿಕೊಂಡಿತ್ತು. ಗಂಟಲ ಕೊಳವೆಯಿಂದ ಹೊರಟ ದಪ್ಪ ನಳಿಕೆ ದಿಂಬಿನ ಮೇಲಿನಿಂದ ಹಾದು ಯಂತ್ರಕ್ಕೆ ಹೋಗಿತ್ತು. ಯಂತ್ರ ಉಸಿರೆಳೆದು ಉಸಿರು ಬಿಡುತ್ತಿತ್ತು, ಅವಳ ಎದೆ ಅದರ ಮಾತು ಕೇಳುತ್ತಿತ್ತು. ಕೂದಲನ್ನು ಭಾವ ಬಾಚಿ ಎರಡು ಜಡೆ ಹಾಕಿದ್ದರು, ಒಂದು ಮೇಲೆ ಒಂದು ಕೆಳಗೆ, ಗಂಡಸು ಹಾಕಿದ ಜಡೆ. ಅವನು ಒಂದು ಕೈ ಹೆಗಲಡಿ, ಒಂದು ಕೈ ಸೊಂಟದಡಿ ಇಟ್ಟು ಅವಳನ್ನು ತನ್ನ ಕಡೆಗೆ ಹೊರಳಿಸಿದ. ಹಗುರವಾಗಿದ್ದಳು. ಕೈಗೆ ಬೆನ್ನು ಸಿಕ್ಕಿತು. ಅಲ್ಲಿ ಏನೂ ಉಳಿದಿರಲಿಲ್ಲ, ಚರ್ಮದಡಿ ಸಾಲು ಮೂಳೆ. ಅವನ ಹೆಬ್ಬೆರಳು ತಾನಾಗಿ ಒತ್ತಲು ಹೋಯಿತು. ಕೈ ಹಿಂದೆಗೆದು, ದಿಂಬು ಸರಿಮಾಡಿ, ಕುರ್ಚಿ ಎಳೆದುಕೊಂಡು ಕೂತ. ಈಗ ಅವಳ ಮುಖ ಅವನ ಮುಖಕ್ಕೆ ನೇರವಾಗಿತ್ತು. ರೋಗ ಕಣ್ಣುಗಳನ್ನು ಮುಟ್ಟುವುದಿಲ್ಲ. ಅದು ಈ ರೋಗದ ದಯೆಯೋ ಕೊಂಕೋ ಹಿರಿಯರಿಗೂ ಗೊತ್ತಿರಲಿಲ್ಲ.

ಅವಳು ಹಲಗೆಯ ಕಡೆ ನೋಡಿದಳು. ಭಾವ ನುಣ್ಣಗೆ ಮಾಡಿ ಅಕ್ಷರಮಾಲೆ ಬರೆದ ಹಲಗೆ. ಸಾಲು ಹೇಳುತ್ತ ಹೋಗಬೇಕು. ಬೇಕಾದ ಸಾಲು ಬಂದಾಗ ಅವಳು ಕಣ್ಣು ಮೇಲೆತ್ತುವಳು. ಆಮೇಲೆ ಆ ಸಾಲಿನ ಅಕ್ಷರಗಳು. ಒಂದು ಮಾತು ಮುಗಿಯುವಷ್ಟರಲ್ಲಿ ಚಹಾ ಆರಿಹೋಗುತ್ತದೆ ಎಂದು ಭಾವ ಹೇಳುವರು. ಅವನು ಸಾಲು ಹೇಳಿದ, ಅವಳು ಆರಿಸಿದಳು, ಅವನು ಕೂಡಿಸಿದ. ಯಾಕೆ ಮುಖ ಹಾಗೆ?

ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದ ಮಾತುಗಳಿದ್ದವು. ತಳಿಯ ದೋಷ, ಇನ್ನೊಂದು ಸಲ ಪರೀಕ್ಷೆ, ಸ್ವಲ್ಪ ತಡ. ತಡ ಎಂಬ ಒಂದು ಪದದಲ್ಲಿ ಇನ್ನೊಂದು ವರ್ಷ ಅಡಗಿಕೊಳ್ಳಬಹುದಿತ್ತು. ಅವಳು ಎದ್ದು ಬಂದು ಕೇಳುವುದಿಲ್ಲ. ಹಾಗೆ ಅನಿಸಿದ್ದೇ ತಡ, ಆ ಯೋಚನೆಯೇ ಅವನನ್ನು ಕತ್ತು ಹಿಡಿದು ಬಗ್ಗಿಸಿತು.

"ಅಕ್ಕಾ, ಅದು ಔಷಧಿ ಅಲ್ಲ," ಎಂದ. "ಅದರಿಂದ ಏನೂ ಆಗಿಲ್ಲ. ಇಲಿಗಳು ನಡೆದಿದ್ದು ಔಷಧಿಯಿಂದ ಅಲ್ಲ."

ಕಣ್ಣು ಕದಲಲಿಲ್ಲ. ಯಂತ್ರ ಒಂದು ಉಸಿರು ಕೊಟ್ಟಿತು, ಒಂದು ತೆಗೆದುಕೊಂಡಿತು.

"ತಪ್ಪು ನಂದೇ. ತಳಿಗೆ ಗಂಡು ಬೇಕಿತ್ತು. ನಾನು ಬೆನ್ನು ಮುಟ್ಟಿ ನೋಡ್ದೆ ಅಕ್ಕ. ನೀನು ಹೇಳ್ಕೊಟ್ಟ ಹಾಗೇ, ಸೊಂಟದ ಹತ್ರ. ಗಟ್ಟಿ ಇದ್ದಿದ್ದನ್ನ ಬಿಟ್ಟೆ. ಅದು ಗಟ್ಟಿ ಇದ್ದಿದ್ದು ಯಾಕಂದ್ರೆ ಅದಕ್ಕೆ ರೋಗವೇ ಅರ್ಧ ಉದುರಿ ಹೋಗಿತ್ತು. ಅದರ ಮಕ್ಕಳಿಗೂ ಅಷ್ಟೇ. ನಾವು ಔಷಧಿ ಅಂದ್ಕೊಂಡ್ವಿ."

ಹೇಳಿ ಮುಗಿಸಿ ನೆಲ ನೋಡುತ್ತಿದ್ದವನಿಗೆ ಯಂತ್ರದ ಎಚ್ಚರಿಕೆಯ ಪೀಪಿ ಕೇಳಿಸಿತು. ತಲೆ ಎತ್ತಿದರೆ ಅಕ್ಕನ ಕಣ್ಣು ತುಂಬಿ ಹರಿಯುತ್ತಿತ್ತು, ಕೆನ್ನೆಯ ಸತ್ತ ಮಾಂಸದ ಅಂಚಿನಲ್ಲಿ ಎಲ್ಲೋ ಒಂದು ಎಳೆ ನಡುಗುತ್ತಿತ್ತು, ಎದೆ ಯಂತ್ರದ ತಾಳಕ್ಕೆ ಎದುರು ಬಿದ್ದು ತಡವರಿಸುತ್ತಿತ್ತು. ಅವನು ಗಾಬರಿಯಿಂದ ನಳಿಕೆ ಮುಟ್ಟಿ ನೋಡಿದ, ಕಫದ ಯಂತ್ರಕ್ಕೆ ಕೈ ಹಾಕಿದ. ಅವಳು ಕಣ್ಣು ಬಲಕ್ಕೆ ಎಡಕ್ಕೆ ಆಡಿಸಿದಳು. ಬೇಡ, ಬೇಡ. ಆಗ ತಿಳಿಯಿತು ಅವನಿಗೆ. ಅಕ್ಕ ನಗುತ್ತಿದ್ದಳು. ನಗುವಿಗೆ ಬೇಕಾದ ಉಸಿರು ಅವಳದಾಗಿರಲಿಲ್ಲ, ಆದ್ದರಿಂದ ಅದು ದಾರಿ ಸಿಗದೆ ಕಣ್ಣಿನಿಂದ ಇಳಿಯುತ್ತಿತ್ತು. ಅವನು ಹೊದಿಕೆಯ ತುದಿಯಿಂದ ಒರೆಸಿದ, ಮತ್ತೆ ತುಂಬಿತು. ಪೀಪಿ ನಿಂತ ಮೇಲೆ ಅವಳು ಹಲಗೆ ಕೇಳಿದಳು.

ಟಗರು ಆರಿಸಿದೆಯಾ.

"ಹೂಂ."

ದಡ್ಡ.

"ಹೂಂ," ಎಂದ. ಚಿಕ್ಕಂದಿನಲ್ಲಿ ಅವಳು ಹಾಗೆಂದಾಗ ತಲೆಗೊಂದು ಮೊಟಕುತ್ತಿದ್ದಳು; ಮೊಟಕಿಗಾಗಿ ಅವನ ತಲೆ ತಾನಾಗಿ ಸ್ವಲ್ಪ ಬಾಗಿತು. ಕೈ ಬರಲಿಲ್ಲ. ಹಾಸಿಗೆಯ ಮೇಲೆ ಆ ಕೈ ಬಿಚ್ಚಿಕೊಂಡೇ ಬಿದ್ದಿತ್ತು, ಭಾವ ಉಗುರು ಕತ್ತರಿಸಿದ್ದರು.

ಅವನು ಕಾದ. ಈಗ ಕೇಳುತ್ತಾಳೆ. ಆಸ್ಪತ್ರೆಯ ಮಾತನ್ನು ತೆಗೆಯುತ್ತಾಳೆ, ಯಾವಾಗ ಅನ್ನುತ್ತಾಳೆ. ಬೆಳಿಗ್ಗೆಯಿಂದ ಅವನು ಹೆದರಿದ್ದು ಅವಳ ಅಳುವಿಗಲ್ಲ, ಕೋಪಕ್ಕಲ್ಲ. ಈ ಒಂದು ಪ್ರಶ್ನೆಗೆ. ಕೇಳಿದರೆ ಏನು ಹೇಳುವುದು? ನಾಳೆ ವೈದ್ಯರ ಹತ್ತಿರ ಹೋಗುತ್ತೇನೆ ಎನ್ನುವುದೇ? ಯಾವ ಕಾಲಲ್ಲಿ ನಡೆದು ಹೋಗುವುದು? ಅಕ್ಕ ಹಲಗೆ ನೋಡಿದಳು. ಅವನು ಸಾಲು ಹೇಳಿದ. ಅಕ್ಷರ ಅಕ್ಷರ ಕೂಡಿ ಬಂದದ್ದು ಅವನು ಕಾದ ಮಾತಾಗಿರಲಿಲ್ಲ.

ಇವರಿಗೆ ಹೇಳಬೇಡ.

"ಭಾವನಿಗಾ? ಹೇಳದೆ ಹೇಗಕ್ಕ? ಇವತ್ತಲ್ಲ ನಾಳೆ ಗೊತ್ತಾಗುತ್ತೆ."

ಕೆಲಸ ಮುಗಿಸಲಿ.

"ಯಾವ ಕೆಲಸ?"

ಅವಳು ಹಿತ್ತಲ ಬಾಗಿಲ ಕಡೆ ನೋಡಿದಳು, ಮತ್ತೆ ಹಲಗೆಯ ಕಡೆ. ಅವನು ಸಾಲು ಹೇಳಿದ. ಈ ಸಲ ಬಹಳ ನಿಧಾನವಾಯಿತು, ನಡುನಡುವೆ ರೆಪ್ಪೆ ಮುಚ್ಚಿ ಸುಧಾರಿಸಿಕೊಂಡಳು.

ಮುಗಿದ ಮೇಲೆ ನೀನು. ಮಾತು ಕೊಟ್ಟಿದ್ದೀಯ.

ಅಷ್ಟು ಹೇಳಿ ಕಣ್ಣು ಮುಚ್ಚಿಕೊಂಡಳು. ಕಣ್ಣು ಮುಚ್ಚಿದರೆ ಅವಳ ಮನೆಯ ಬಾಗಿಲು ಹಾಕಿಕೊಂಡ ಹಾಗೆ. ಆಮೇಲೆ ಯಾರು ಏನು ತಟ್ಟಿದರೂ ಇಲ್ಲ. ಅವನು ಹಲಗೆಯನ್ನು ಗೋಡೆಗೆ ಒರಗಿಸಿ, ಕರೆಗಂಟೆಯ ಗುಂಡಿ ಅವಳ ಹುಬ್ಬಿಗೆ ತಾಗುವಂತೆ ಇದೆಯೇ ನೋಡಿ, ಹೊದಿಕೆ ಎಳೆದು, ಹಿತ್ತಲಿಗೆ ಹೊರಟ.

ಛಾವಣಿಯಡಿ ಬಿಸಿಲು ಓರೆಯಾಗಿ ಬಿದ್ದಿತ್ತು. ಸುರುಳಿ ಸುರುಳಿ ಮರದ ಸಿಪ್ಪೆಯ ನಡುವೆ ಭಾವ ಬಗ್ಗಿ ನಿಂತಿದ್ದರು. ಅವರ ಮುಂದೆ ಎರಡು ಉದ್ದನೆಯ ಮರದ ಕಂಬಿಗಳು, ಒಂದಕ್ಕೊಂದು ಸಮಾನಾಂತರವಾಗಿ, ಒಬ್ಬರು ನಡುವೆ ನಡೆದು ಹೋಗುವಷ್ಟು ಜಾಗ ಬಿಟ್ಟು, ಸದ್ಯಕ್ಕೆ ಆಸರೆಗಿಟ್ಟ ನಾಲ್ಕು ಕಾಲಿನ ಕುದುರೆಮಣೆಗಳ ಮೇಲೆ ಕೂತಿದ್ದವು.

"ಏನಂದ್ಲು ನಿಮ್ಮಕ್ಕ? ನನ್ನ ಮೇಲೆ ಚಾಡಿ ತಾನೇ? ಜಡೆ ಸರಿ ಹಾಕಲ್ಲ ಅಂತ ದಿನಾ ಒಂದೇ ರಾಗ."

"ಮಲಗಿದಾಳೆ ಭಾವ."

"ನೋಡು, ಹೇಗಿದೆ? ಆಸ್ಪತ್ರೇಲಿ ನಡೆಯೋದು ಕಲಿಸೋ ಕೋಣೇಲಿ ನೋಡ್ಕೊಂಡು ಬಂದೆ. ಎರಡೂ ಕೈಲಿ ಹಿಡ್ಕೊಂಡು ಮಧ್ಯ ಹೆಜ್ಜೆ ಇಡ್ಬೇಕು. ಅಲ್ಲಿ ಕಬ್ಬಿಣದ್ದು, ಮುಟ್ಟಿದ್ರೆ ಕೊರೆಯುತ್ತೆ. ಅವಳ ಕೈ ಮೊದಲೇ ತಣ್ಣಗೆ. ಅದಕ್ಕೆ ಮರದ್ದು." ಉಜ್ಜುಗೊರಡನ್ನು ಪಕ್ಕಕ್ಕಿಟ್ಟು ಬೆವರೊರೆಸಿಕೊಂಡರು. "ನಿಮ್ಮ ಔಷಧಿಗಿಂತ ಮುಂಚೆ ನಂದು ಮುಗೀಬೇಕು ಅಂತ ಪಂಥ ಕಟ್ಟಿದೀನಿ ಅವಳ ಹತ್ರ. ಹೇಗೆ ನಡೀತಿದೆ ಅಲ್ಲಿ? ಬೇಸಿಗೆಗೆ ಖಂಡಿತಾನಾ?"

ಉತ್ತರ ಬಾಯಿಯ ತುದಿಯಲ್ಲೇ ಸಿದ್ಧವಾಗಿತ್ತು. ತಿಂಗಳುಗಟ್ಟಲೆ ಕಾವಲುಗಾರನಿಗೆ, ನೆಂಟರಿಗೆ, ಕನ್ನಡಿಗೆ ಹೇಳಿ ಹೇಳಿ ಸವೆದು ನುಣುಪಾದ ಮಾತು. "ನಡೀತಿದೆ ಭಾವ," ಎಂದ.

"ಹಾಂ, ಬಾ ಇಲ್ಲಿ, ನಿನ್ನಿಂದಾನೇ ಒಂದು ಕೆಲಸ ಆಗ್ಬೇಕು. ಮಲಗಿದವಳನ್ನ ಅಳೆದ್ರೆ ನಿಂತವಳ ಎತ್ತರ ಸಿಗಲ್ಲ. ಅವಳೂ ನೀನೂ ಒಂದೇ ಎತ್ತರ ಅಲ್ವಾ? ಮದುವೇಲಿ ಜೊತೆ ನಿಂತಾಗ ಎಲ್ಲಾ ಆಡ್ಕೊಂಡಿದ್ರು. ಬಾ, ಮಧ್ಯ ನಿಂತ್ಕೋ. ಚಪ್ಪಲಿ ಬಿಡು."

ಅವನು ಚಪ್ಪಲಿ ಬಿಟ್ಟು ಮರದ ಪುಡಿಯ ಮೇಲೆ ಕಾಲಿಟ್ಟು ಎರಡು ಕಂಬಿಗಳ ನಡುವೆ ನಿಂತ. ಭಾವ ಒಂದು ತುದಿಯನ್ನು ಎತ್ತಿ ಅಡಿಗೆ ಮರದ ತುಂಡು ಕೊಟ್ಟರು, ಇಳಿಸಿದರು, ಮತ್ತೆ ಕೊಟ್ಟರು. "ಕೈ ಇಡು. ಸಹಜವಾಗಿ. ಭಾರ ಹಾಕು, ಕಾಲಲ್ಲಿ ಬಲ ಇಲ್ಲದೋರು ಹೇಗೆ ಹಾಕ್ತಾರೋ ಹಾಗೆ. ಮೊಣಕೈ ಸ್ವಲ್ಪ ಮಡಚಲಿ. ಅಷ್ಟೇ, ಅಲ್ಲಾಡ್ಬೇಡ." ಕಿವಿಯ ಮೇಲಿಂದ ಪೆನ್ಸಿಲು ತೆಗೆದು, ಮೊಣಕಾಲೂರಿ, ಕಂಬಿಗೆ ಕೂಡಿಸಬೇಕಿದ್ದ ಮರದ ಕಾಲನ್ನು ಪಕ್ಕಕ್ಕೆ ಹಿಡಿದು ಗೆರೆ ಎಳೆದರು. ಒಂದು ಕಡೆ, ಆಮೇಲೆ ಇನ್ನೊಂದು ಕಡೆ. ಅವರ ನೆತ್ತಿ ಅವನ ಕೈಯ ಹತ್ತಿರವೇ ಇತ್ತು, ಕೂದಲಲ್ಲಿ ಸಿಪ್ಪೆಯ ಚೂರುಗಳು ಸಿಕ್ಕಿಕೊಂಡಿದ್ದವು.

"ಸರಿಹೋಯ್ತು. ಇನ್ನು ಕಾಲು ಕೂಡಿಸಿ, ನೆಲಕ್ಕೆ ಬಿಗಿದ್ರೆ ಆಯ್ತು. ಈ ವಾರದಲ್ಲಿ ಮುಗಿಸಿಬಿಡ್ತೀನಿ."

"ಆತುರ ಏನಿಲ್ಲ ಭಾವ. ನಿಧಾನಕ್ಕೆ ಮಾಡಿ."

"ಇನ್ನೇನಿದೆ ನಿಧಾನಕ್ಕೆ? ಉಜ್ಜಿದ್ದೂ ಮುಗೀತು."

ಅವನ ಎರಡೂ ಅಂಗೈಗಳ ಅಡಿಯಲ್ಲಿ ಮರ ಬೆಣ್ಣೆಯಂತೆ ನುಣ್ಣಗಿತ್ತು. ಎಷ್ಟು ದಿನ ಉಜ್ಜಿದ್ದರೋ, ಒಂದು ಗಂಟೂ, ಒಂದು ಎಳೆಯೂ ತಡೆಯುತ್ತಿರಲಿಲ್ಲ. ಅವನು ಬಲಗೈಯನ್ನು ಕಂಬಿಯ ಮೇಲೆ ಮುಂದಕ್ಕೆ ಜಾರಿಸಿ, ಒಂದು ಕಡೆ ನಿಲ್ಲಿಸಿ, ಹೆಬ್ಬೆರಳು ಒತ್ತಿದ.

"ಇಲ್ಲಿ ಇನ್ನೂ ಒರಟಿದೆ ಭಾವ."

"ಎಲ್ಲಿ?" ಭಾವ ಎದ್ದು ಬಂದು, ಅವನ ಕೈ ಸರಿಸಿ, ತಮ್ಮ ಬೆರಳಾಡಿಸಿದರು. ಹುಬ್ಬು ಗಂಟಿಕ್ಕಿ ಇನ್ನೊಮ್ಮೆ ಆಡಿಸಿದರು. "ನನಗೆ ಸಿಗ್ತಿಲ್ಲ. ನನ್ನ ಕೈಯೆಲ್ಲ ಜಡ್ಡುಗಟ್ಟಿದೆ ಬಿಡು. ಅವಳ ಕೈಗೆ ತಾಗಿದ್ರೆ ಕಷ್ಟ."

"ಅಲ್ಲೇ," ಎಂದ ಅವನು. "ಇಲ್ಲೂ ಇದೆ. ಆ ಕಡೇದೂ ಒಂದ್ಸಲ ಪೂರ್ತಿ ನೋಡಿ."

ಭಾವ ತಲೆಯಾಡಿಸಿ, ಉಜ್ಜುಗೊರಡನ್ನು ಕೈಗೆತ್ತಿಕೊಂಡು, ಕಂಬಿಯ ಆ ತುದಿಯಿಂದ ಮತ್ತೆ ಶುರುಮಾಡಿದರು.